ಚಿಪ್ ಹೆಸರು 2500+, ಸ್ಕ್ರೀನ್ ಮೇಲೆ 1100: ನಮ್ಮ ಮಾವನಿಗೆ ಟೋಪಿ ಹಾಕಿದರಾ?

ಅಟ್ಟದ_ಪೆಟ್ಟಿಗೆ (ಶನಿವಾರ, ರಾತ್ರಿ 9:12)

ಎಲ್ಲರಿಗೂ ನಮಸ್ಕಾರ. ಹಾಸನದಲ್ಲಿ ಸೋದರಮಾವನ ಮನೆಗೆ ಸುಣ್ಣಬಣ್ಣ ಮಾಡಿಸುತ್ತಿದ್ದಾರೆ. ಅಟ್ಟ ಖಾಲಿ ಮಾಡುವಾಗ ಅವರ ಹಳೇ ಕಂಪ್ಯೂಟರ್ ಸಿಕ್ಕಿತು. 2003ರಲ್ಲಿ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಅಸೆಂಬಲ್ ಮಾಡಿಸಿ, ಬಸ್ಸಿನಲ್ಲಿ ತೊಡೆ ಮೇಲೆ ಇಟ್ಟುಕೊಂಡು ತಂದದ್ದಂತೆ. ಬಿಲ್ಲನ್ನೂ ಕ್ಯಾಬಿನೆಟ್ ಒಳಗೇ ಟೇಪ್ ಹಾಕಿ ಅಂಟಿಸಿದ್ದಾರೆ. ನಮ್ಮ ಮಾವ ಅಂಥವರು.

ಬಿಲ್ಲಿನಲ್ಲಿ ಇರುವುದು ಇಷ್ಟು: ಎಎಂಡಿ ಅಥ್ಲಾನ್ ಎಕ್ಸ್‌ಪಿ 2500+, ಕೆಟಿ400 ಮದರ್‌ಬೋರ್ಡ್, 256 ಎಂಬಿ ಡಿಡಿಆರ್ 333, 40 ಜಿಬಿ ಹಾರ್ಡ್ ಡಿಸ್ಕ್.

ಧೂಳು ಹೊಡೆದು, ಪಕ್ಕದ ಸೈಬರ್‌ನಿಂದ ಒಂದು ಹಳೇ ಮಾನಿಟರ್ ತಂದು ಆನ್ ಮಾಡಿದೆ. ಆಶ್ಚರ್ಯ, ಆನ್ ಆಯಿತು. ಆದರೆ ಮೊದಲ ಸ್ಕ್ರೀನಿನಲ್ಲಿ 'ಅಥ್ಲಾನ್ 1100 ಮೆಗಾಹರ್ಟ್ಸ್' ಅಂತ ತೋರಿಸುತ್ತಿದೆ. 2500 ಎಲ್ಲಿ, 1100 ಎಲ್ಲಿ! ಪಕ್ಕದ ಮನೆಯವರ ಹತ್ತಿರ ಪೆಂಟಿಯಂ 4, 2.4 ಗಿಗಾಹರ್ಟ್ಸ್ ಇತ್ತಂತೆ. 'ನಂದು 2.5, ನಿಂದು 2.4' ಅಂತ ಮಾವ ವರ್ಷಗಟ್ಟಲೆ ಕಾಲೆಳೆದಿದ್ದಾರೆ. ಈಗ ಸ್ಕ್ರೀನ್ ನೋಡಿ ಮುಖ ಸಪ್ಪೆ ಮಾಡಿಕೊಂಡು ಕೂತಿದ್ದಾರೆ. ಅತ್ತೆ ನಗುತ್ತಿದ್ದಾರೆ. ಅಂಗಡಿಯವನು ಮೋಸ ಮಾಡಿದ್ದಾನಾ?

ಸುಮ್ನೆ_ಒಬ್ಬ (ರಾತ್ರಿ 9:20)

ಗ್ಯಾರಂಟಿ ಟೋಪಿ ಗುರು. ಡ್ಯೂರಾನ್ (ಎಎಂಡಿಯದ್ದೇ ಅಗ್ಗದ ಚಿಪ್) ಹಾಕಿ ಅಥ್ಲಾನ್ ದುಡ್ಡು ತಗೊಂಡಿರುತ್ತಾರೆ. 1100ರ ಡ್ಯೂರಾನ್ ಬರುತ್ತಿತ್ತು, ನಮ್ಮ ಚಿಕ್ಕಪ್ಪನ ಹತ್ತಿರ ಇತ್ತು.

ಸಾಕೆಟ್_462 (ರಾತ್ರಿ 9:41)

ಸ್ವಲ್ಪ ತಾಳಿ. ಆ ಕಾಲದಲ್ಲಿ ನಾನೇ ಒಂದು ಅಂಗಡಿಯ ಮಾಳಿಗೆಯಲ್ಲಿ ಕೂತು ದಿನಕ್ಕೆ ಆರೇಳು ಸಿಸ್ಟಂ ಜೋಡಿಸುತ್ತಿದ್ದೆ. ಇದು ಟೋಪಿ ಅನ್ನಿಸುತ್ತಿಲ್ಲ.

2500+ ಅನ್ನುವುದು ಮೆಗಾಹರ್ಟ್ಸ್ ಅಲ್ಲವೇ ಅಲ್ಲ. ಆ ಚಿಪ್ಪಿಗೆ ಬಾರ್ಟನ್ ಅಂತ ಹೆಸರು, 2003ರ ಫೆಬ್ರವರಿಯಲ್ಲಿ ಬಂದದ್ದು. ಅದರ ನಿಜವಾದ ವೇಗ 1833 ಮೆಗಾಹರ್ಟ್ಸ್. ಹಾಗಾಗಿ ನಿಮ್ಮ ಮಾವ 'ನಂದು 2.5' ಅಂದದ್ದು ತಪ್ಪು. ಆದರೆ 1100 ಕೂಡ ತಪ್ಪು.

ಲೆಕ್ಕ ನೋಡಿ. ಈ ಚಿಪ್ಪಿನ ಮಲ್ಟಿಪ್ಲೈಯರ್ 11. ಮದರ್‌ಬೋರ್ಡ್ ಬಸ್ (ಚಿಪ್‌ಗೆ ಡೇಟಾ ಸಾಗುವ ದಾರಿ) 166 ಕೊಟ್ಟರೆ, ಸರಿಯಾಗಿ ಹೇಳಬೇಕೆಂದರೆ 166.67, 11 ಸಲ ಅಂದರೆ 1833. ಬಸ್ 100ಕ್ಕೆ ಇಳಿದರೆ? 11 ಸಲ 100. ನಿಮ್ಮ ಸ್ಕ್ರೀನ್ ಮೇಲಿರುವುದು ಅದೇ.

ಎರಡು ಪ್ರಶ್ನೆ: ಆನ್ ಮಾಡಿದಾಗ ಎಫ್1 ಒತ್ತಿ ಅಂತ ಕೇಳುತ್ತದಾ? ತಾರೀಕು ಎಷ್ಟು ತೋರಿಸುತ್ತದೆ?

ಅಟ್ಟದ_ಪೆಟ್ಟಿಗೆ (ರಾತ್ರಿ 9:58)

ಹೌದು ಸರ್. 'ಸಿಮೋಸ್ ಚೆಕ್‌ಸಮ್ ಎರರ್, ಡಿಫಾಲ್ಟ್ಸ್ ಲೋಡೆಡ್' ಅಂತ ಬಂದು ಎಫ್1 ಕೇಳುತ್ತದೆ. ತಾರೀಕು 2002ರ ಜನವರಿ 1. ಆಫ್ ಮಾಡಿ ಆನ್ ಮಾಡಿದರೆ ಮತ್ತೆ ಅದೇ ಜನವರಿ 1.

ಸಾಕೆಟ್_462 (ರಾತ್ರಿ 10:03)

ಹಾಗಾದರೆ ಬ್ಯಾಟರಿ ಸತ್ತಿದೆ, ಅಷ್ಟೇ. ಬೋರ್ಡ್ ಮೇಲೆ ದೊಡ್ಡ ಬಿಲ್ಲೆಯಂಥ ಸಿಆರ್2032 ಸೆಲ್ ಇರುತ್ತದೆ. ಅದು ಸತ್ತರೆ ಬಯೋಸ್ (ಆನ್ ಮಾಡಿದಾಗ ಮೊದಲು ಓಡುವ ಪ್ರೋಗ್ರಾಂ) ಸೆಟ್ಟಿಂಗ್ ಎಲ್ಲಾ ಮರೆತು, ಜೋಪಾನಕ್ಕೆ ಅಂತ ಬಸ್ಸನ್ನು 100ಕ್ಕೆ ಇಳಿಸಿಕೊಳ್ಳುತ್ತದೆ. ವಾಚ್ ರಿಪೇರಿ ಅಂಗಡಿಯಲ್ಲೂ ಸಿಗುತ್ತದೆ. ಹಾಕಿ, ಬಯೋಸ್ ಒಳಗೆ ಹೋಗಿ ಬಸ್ 166 ಮಾಡಿ. ಕೆಲವು ಬೋರ್ಡಿನಲ್ಲಿ ಇದಕ್ಕೆ ಜಂಪರ್ (ಪುಟ್ಟ ಪಿನ್ ಸ್ವಿಚ್) ಕೂಡ ಇರುತ್ತದೆ, ಅದನ್ನೂ ನೋಡಿ.

ಒಂದು ಮಾತು. ಕೂಲರ್ ಮಾತ್ರ ಬಿಚ್ಚಬೇಡಿ. ಚಿಪ್ ಮೇಲೆ ಏನು ಬರೆದಿದೆ ನೋಡೋಣ ಅಂತ ಆಸೆ ಆಗುತ್ತದೆ, ಬೇಡ.

ಬಳ್ಳಾರಿ_ಬಿಸಿಲು (ರಾತ್ರಿ 10:15)

ನಾನು ಇಂಟೆಲ್ ಪಾರ್ಟಿ, ಮೊದಲೇ ಹೇಳಿಬಿಡುತ್ತೇನೆ ರೀ. ಬ್ಯಾಟರಿ ವಿಷಯ ಸರಿ. ಆದರೆ 1833 ಇರುವ ಮಾಲಿಗೆ 2500 ಅಂತ ಹೆಸರಿಟ್ಟು ಮಾರುವುದು ಟೋಪಿ ಅಲ್ಲದೆ ಇನ್ನೇನು? ಒಂದು ಲೀಟರ್ ಅಂತ ಬರೆದು ಮುಕ್ಕಾಲು ಲೀಟರ್ ಹಾಲು ಕೊಟ್ಟು, 'ನಮ್ಮ ಹಾಲು ಗಟ್ಟಿ, ಅದಕ್ಕೆ' ಅಂದರೆ ನೀವು ಒಪ್ಪುತ್ತೀರಾ? ಇಂಟೆಲ್ 2.4 ಅಂತ ಬರೆದರೆ ಒಳಗೆ 2.4 ಇರುತ್ತಿತ್ತು.

ಲ್ಯಾಬ್_ಮೇಡಂ (ರಾತ್ರಿ 10:47)

ಹಾಲಿನ ಉದಾಹರಣೆ ನೀವೇ ಕೊಟ್ಟಿರಿ, ಒಳ್ಳೆಯದೇ ಆಯಿತು. ಹಳ್ಳಿ ಡೈರಿಯಲ್ಲಿ ಹಾಲು ಹಾಕಿದವರನ್ನು ಕೇಳಿ ನೋಡಿ. ಬರೀ ಲೀಟರ್ ನೋಡಿ ದುಡ್ಡು ಕೊಡುವುದಿಲ್ಲ. ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಗಟ್ಟಿ ಅಂಶ) ಎಷ್ಟು ಅಂತ ನೋಡಿ ಕೊಡುತ್ತಾರೆ. ಗಿಗಾಹರ್ಟ್ಸ್ ಅಂದರೆ ಲೀಟರ್. ಒಂದೊಂದು ಕ್ಲಾಕ್‌ನಲ್ಲಿ, ಅಂದರೆ ಒಂದೊಂದು ಬಡಿತದಲ್ಲಿ, ಎಷ್ಟು ಕೆಲಸ ಆಗುತ್ತದೆ ಅನ್ನುವುದು ಫ್ಯಾಟ್. ಎರಡೂ ಗೊತ್ತಿಲ್ಲದೆ ರೇಟು ಕಟ್ಟಲು ಆಗುವುದಿಲ್ಲ.

ಪೆಂಟಿಯಂ 4ರ ಹಾಲು ಯಾಕೆ ತೆಳ್ಳಗೆ? ನಮ್ಮ ಪಾಲಿಟೆಕ್ನಿಕ್ ಹುಡುಗರಿಗೆ ನಾನು ಹೀಗೆ ಹೇಳುತ್ತೇನೆ. ಮನೆಗೆ ಮೋಲ್ಡ್ ಹಾಕುವುದನ್ನು ನೋಡಿರುತ್ತೀರಿ. ಕೆಳಗಿಂದ ತಾರಸಿವರೆಗೆ ಜನ ಸಾಲಾಗಿ ನಿಂತು ಕಾಂಕ್ರೀಟ್ ಬಾಂಡ್ಲಿಯನ್ನು ಕೈಯಿಂದ ಕೈಗೆ ದಾಟಿಸುತ್ತಾರೆ. ಹತ್ತೇ ಜನ ಇದ್ದರೆ ಒಬ್ಬೊಬ್ಬರೂ ಜಾಸ್ತಿ ದೂರ ಚಾಚಬೇಕು, ಕೈ ನಿಧಾನ. ಇಪ್ಪತ್ತು ಜನ ಇದ್ದರೆ ಚಾಚುವ ದೂರ ಕಡಿಮೆ, ಬಾಂಡ್ಲಿ ಪಟಪಟ ದಾಟುತ್ತದೆ. ಆ ಪಟಪಟವೇ ಕ್ಲಾಕ್ ಸ್ಪೀಡ್. ಅಥ್ಲಾನ್‌ನಲ್ಲಿ ಪೂರ್ಣಾಂಕ ಲೆಕ್ಕದ ಸಾಲು 10 ಹಂತ. 2000ರ ನವೆಂಬರ್‌ನಲ್ಲಿ ಬಂದ ಮೊದಲ ಪೆಂಟಿಯಂ 4ರಲ್ಲಿ 20.

ಗ್ರಹಚಾರ ಶುರುವಾಗುವುದು ಮೇಸ್ತ್ರಿ 'ಏಯ್, ಮಿಕ್ಸ್ ತಪ್ಪಾಗಿದೆ, ಸಾಲಲ್ಲಿರೋದೆಲ್ಲ ಚೆಲ್ಲಿ' ಅಂದಾಗ. ಪ್ರೋಗ್ರಾಂನಲ್ಲಿ 'ಹೀಗಿದ್ದರೆ ಆ ಕಡೆ, ಇಲ್ಲದಿದ್ದರೆ ಈ ಕಡೆ' ಅನ್ನುವ ಕವಲು ಹೆಜ್ಜೆ ಹೆಜ್ಜೆಗೂ ಬರುತ್ತದೆ. ಪ್ರೊಸೆಸರ್ ಕಾಯುವುದಿಲ್ಲ, ಒಂದು ದಾರಿ ಊಹಿಸಿ ಮುಂದೆ ಹೋಗಿಬಿಡುತ್ತದೆ. ಊಹೆ ತಪ್ಪಿದರೆ ಸಾಲು ಪೂರ್ತಿ ವೇಸ್ಟ್. ಹತ್ತು ಬಾಂಡ್ಲಿ ಚೆಲ್ಲುವುದಕ್ಕೂ ಇಪ್ಪತ್ತು ಬಾಂಡ್ಲಿ ಚೆಲ್ಲುವುದಕ್ಕೂ ವ್ಯತ್ಯಾಸ ಇದೆ ಅಲ್ವಾ? 2004ರ ಪ್ರೆಸ್ಕಾಟ್ ಅನ್ನುವ ಪೆಂಟಿಯಂ 4ರಲ್ಲಿ ಆ ಸಾಲನ್ನು 31ಕ್ಕೆ ಏರಿಸಿದರು.

ಹಾಗಂತ ಪೆಂಟಿಯಂ 4 ದಡ್ಡ ಅಲ್ಲ. ವಿಡಿಯೋ ಎನ್‌ಕೋಡಿಂಗ್‌ನಂಥ ಕೆಲಸದಲ್ಲಿ ಬೆಳಿಗ್ಗೆಯಿಂದ ಸಂಜೆವರೆಗೆ ಒಂದೇ ಮಿಕ್ಸ್. ಚೆಲ್ಲುವ ಪ್ರಶ್ನೆಯೇ ಕಡಿಮೆ. ಅಲ್ಲಿ ಅದು ಚೆನ್ನಾಗಿ ಓಡುತ್ತಿತ್ತು. ಎಸ್‌ಎಸ್‌ಇ2 (ಒಂದೇ ಸಲ ಹಲವು ಲೆಕ್ಕ ಮಾಡಿಸುವ ಆದೇಶಗಳು) ಕೂಡ ಅದರಲ್ಲಿತ್ತು, ಅಥ್ಲಾನ್ ಎಕ್ಸ್‌ಪಿಯಲ್ಲಿ ಇರಲಿಲ್ಲ.

ಬಳ್ಳಾರಿ_ಬಿಸಿಲು (ರಾತ್ರಿ 11:02)

ಮೇಡಂ, ಫ್ಯಾಟ್ ಲೆಕ್ಕ ಒಪ್ಪಿದೆ. ಆದರೆ ಡೈರಿಯಲ್ಲಿ ಹಾಲು ಅಳೆಯುವವರು ಬೇರೆ, ಹಾಲು ತರುವವರು ಬೇರೆ. ಇಲ್ಲಿ ಹಾಲು ತಂದವನೇ ಲ್ಯಾಕ್ಟೋಮೀಟರ್ ಹಿಡಿದುಕೊಂಡು '2500' ಅಂತ ಕೂಗಿದ. ಅದಕ್ಕೇನಂತೀರಿ?

ಸಾಕೆಟ್_462 (ಭಾನುವಾರ, ಬೆಳಿಗ್ಗೆ 7:30)

ಬಿಸಿಲಣ್ಣ, ಏಟು ಸರಿಯಾದ ಜಾಗಕ್ಕೆ ಬಿತ್ತು. ಇದಕ್ಕೆ ಎಎಂಡಿ ಹತ್ತಿರ ಉತ್ತರ ಇತ್ತು, ಕೇಳಿದರೆ ನಗು ಬರುತ್ತದೆ. 2001ರ ಅಕ್ಟೋಬರ್‌ನಲ್ಲಿ ಅಥ್ಲಾನ್ ಎಕ್ಸ್‌ಪಿ ತಂದಾಗ, 'ನಮ್ಮ ಟೆಸ್ಟ್ ಲೆಕ್ಕವನ್ನು ಹೊರಗಿನ ಆಡಿಟರ್ ನೋಡಿದ್ದಾರೆ' ಅಂತ ಹೇಳಿಕೊಂಡರು. ಆಡಿಟರ್ ಯಾರು? ಆರ್ಥರ್ ಆಂಡರ್ಸನ್. ಲೆಕ್ಕ ತಿರುಚಿ ದಿವಾಳಿಯಾದ ಅಮೆರಿಕದ ಎನ್ರಾನ್ ಕಂಪನಿಯ ಲೆಕ್ಕ ನೋಡಿದವರೂ ಅವರೇ. ಮುಂದಿನ ವರ್ಷ ಆ ಆಡಿಟರ್ ಸಂಸ್ಥೆಯೇ ಮುಳುಗಿತು.

ಇನ್ನೊಂದು ತಮಾಷೆ. 'ಈ ನಂಬರ್ ಪೆಂಟಿಯಂ 4ಕ್ಕೆ ಹೋಲಿಸಿ ಇಟ್ಟದ್ದಲ್ಲ, ನಮ್ಮದೇ ಹಳೇ ಥಂಡರ್‌ಬರ್ಡ್ ಅಥ್ಲಾನ್‌ಗೆ ಹೋಲಿಸಿ ಇಟ್ಟದ್ದು' ಅಂತ ಎಎಂಡಿ ಹೇಳುತ್ತಿತ್ತು. ಯಾರಾದರೂ ನಂಬಿದರಾ? ಕೌಂಟರ್‌ಗೆ ಬಂದವರಿಗೆ ನಾವೇ 'ಸರ್, 1800+ ಅಂದರೆ ಪೆಂಟಿಯಂ 4ರ 1.8ಕ್ಕೆ ಸಮ' ಅಂತ ಹೇಳಿ ಮಾರುತ್ತಿದ್ದೆವು. ಆ ಪ್ಲಸ್ ಚಿಹ್ನೆ ಇದ್ದದ್ದೇ ಹಾಗೆ ಅರ್ಥ ಆಗಲಿ ಅಂತ.

ಆದರೆ ಮೊದಮೊದಲು ಆ ನಂಬರ್‌ನಲ್ಲಿ ಒಂದು ಶಿಸ್ತಿತ್ತು. 1500+ ಅಂದರೆ 1333 ಮೆಗಾಹರ್ಟ್ಸ್, 1600+ ಅಂದರೆ 1400, 1700+ ಅಂದರೆ 1467. ಪ್ರತಿ 66 ಮೆಗಾಹರ್ಟ್ಸ್‌ಗೆ 100 ಅಂಕ. ಮೆಗಾಹರ್ಟ್ಸನ್ನು ಒಂದೂವರೆ ಪಟ್ಟು ಮಾಡಿ 500 ಕಳೆದರೆ ಹೆಸರು ಬರುತ್ತಿತ್ತು. ನಾವು ಬಾಯಲ್ಲೇ ಲೆಕ್ಕ ಹಾಕುತ್ತಿದ್ದೆವು. 2200+ಗೆ 1800, ಅಲ್ಲಿಯವರೆಗೂ ಸರಿ. ಆಮೇಲೆ 2000 ಮೆಗಾಹರ್ಟ್ಸ್ ಚಿಪ್ ಬಂದಾಗ ಸೂತ್ರದ ಪ್ರಕಾರ 2500+ ಆಗಬೇಕಿತ್ತು, 2400+ ಅಂತ ಇಟ್ಟರು. 2133ಕ್ಕೆ 2700+ ಬರಬೇಕಿತ್ತು, 2600+ ಇಟ್ಟರು. ತಾವೇ 100 ಅಂಕ ಕಡಿಮೆ ಮಾಡಿಕೊಂಡರು. ಯಾಕೆಂದರೆ ಅಷ್ಟರಲ್ಲಿ ಪೆಂಟಿಯಂ 4 ಸುಧಾರಿಸಿತ್ತು. 2002ರ ಜನವರಿಯ ನಾರ್ತ್‌ವುಡ್ ಪೆಂಟಿಯಂ 4ರಲ್ಲಿ ಕ್ಯಾಶ್ (ಚಿಪ್ ಒಳಗಿನ ಪುಟ್ಟ, ವೇಗದ ಮೆಮೊರಿ) 256ರಿಂದ 512 ಕೆಬಿಗೆ ಏರಿತ್ತು. ಪೆಂಟಿಯಂಗೆ ಹೋಲಿಸಿಲ್ಲ ಅಂತ ಬಾಯಲ್ಲಿ ಹೇಳಿದರೂ ಕಣ್ಣು ಅಲ್ಲೇ ಇತ್ತು.

ಲ್ಯಾಬ್_ಮೇಡಂ (ಬೆಳಿಗ್ಗೆ 8:15)

ಈ ಪ್ಲಸ್ ಕಥೆ ಇನ್ನೂ ಹಳೆಯದು. 1996ರಲ್ಲಿ ಸೈರಿಕ್ಸ್, ಐಬಿಎಂ, ಎಸ್‌ಜಿಎಸ್-ಥಾಮ್ಸನ್, ಎಎಂಡಿ ಅನ್ನುವ ಚಿಪ್ ಕಂಪನಿಗಳೆಲ್ಲಾ ಸೇರಿ 'ಪಿ ರೇಟಿಂಗ್' ತಂದರು. ಆಗ ಹೋಲಿಕೆ ನೇರವಾಗಿ ಪೆಂಟಿಯಂಗೇ. ಅಳತೆಗೋಲು ವಿನ್‌ಸ್ಟೋನ್ ಅನ್ನುವ ಆಫೀಸ್ ಸಾಫ್ಟ್‌ವೇರ್ ಟೆಸ್ಟ್. ಸೈರಿಕ್ಸ್ 6ಎಕ್ಸ್86 ಪಿಆರ್200+ ಅಂದರೆ ಒಳಗೆ 150 ಮೆಗಾಹರ್ಟ್ಸ್. ಎಎಂಡಿ ಕೆ5 ಪಿಆರ್166 ಅಂದರೆ ಬರೀ 116.

ವರ್ಡ್, ಎಕ್ಸೆಲ್‌ನಲ್ಲಿ ಸೈರಿಕ್ಸ್ ನಿಜವಾಗಿಯೂ ತನ್ನ ನಂಬರ್ ಉಳಿಸಿಕೊಳ್ಳುತ್ತಿತ್ತು. ಅದೇ ವರ್ಷ ಕ್ವೇಕ್ ಬಂತು. ದಶಾಂಶದ ಲೆಕ್ಕವೇ ಜಾಸ್ತಿ ಇರುವ ಆಟ ಅದು, ಪೆಂಟಿಯಂನ ಎಫ್‌ಪಿಯುಗೆ (ದಶಾಂಶದ ಲೆಕ್ಕ ಮಾಡುವ ಭಾಗ) ಹೊಂದುವಂತೆ ಬರೆದದ್ದು. ಸೈರಿಕ್ಸ್‌ನ ಎಫ್‌ಪಿಯು ಸೋಮಾರಿ. ನಾನು ಓದುತ್ತಿದ್ದಾಗ ನಮ್ಮ ಲ್ಯಾಬಿನಲ್ಲಿ ಎರಡು ಸೈರಿಕ್ಸ್ ಮೆಷಿನ್ ಇದ್ದವು. ಮಧ್ಯಾಹ್ನ ಊಟದ ಹೊತ್ತಿಗೆ ಹುಡುಗರೆಲ್ಲ ಓಡಿ ಬಂದು ಪೆಂಟಿಯಂ ಮುಂದೆ ಕೂರುತ್ತಿದ್ದರು. ಕೊನೆಗೆ ಬಂದವರಿಗೆ ಸೈರಿಕ್ಸ್. ಆ ಹುಡುಗರಿಗೆ ರೇಟಿಂಗ್ ಅಂದರೆ ಏನು ಅಂತ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಪಾರ್ಟ್_ಟೈಮ್_ಗೇಮರ್ (ಬೆಳಿಗ್ಗೆ 8:40)

ಮೇಡಂ, ಆ ಕೊನೆಗೆ ಬಂದವನು ನಾನೇ ಇರಬೇಕು. ಕಾಲೇಜು ಬೇರೆ, ಹಣೆಬರಹ ಒಂದೇ.

ಶಿವಮೊಗ್ಗ_ಡಿಟಿಪಿ (ಬೆಳಿಗ್ಗೆ 9:05)

ನೀವೆಲ್ಲ ಕಾಂಕ್ರೀಟ್, ಹಾಲು ಅಂತ ಜಗಳ ಆಡುತ್ತಿದ್ದೀರಿ. ನಂದೊಂದು ಅನುಭವ ಹೇಳುತ್ತೇನೆ. 2002ರಲ್ಲಿ ಲಗ್ನಪತ್ರಿಕೆ, ಕರಪತ್ರ ಮಾಡಿಕೊಂಡು ಅಂಗಡಿ ಇಟ್ಟಿದ್ದೆ. ಪೇಜ್‌ಮೇಕರ್, ಶ್ರೀಲಿಪಿ, ಕೋರೆಲ್‌ಡ್ರಾ. ಎರಡು ಮೆಷಿನ್. ಒಂದು ಪೆಂಟಿಯಂ 4, 1.7 ಗಿಗಾ, 128 ಎಂಬಿ ರ್‍ಯಾಮ್. ಇನ್ನೊಂದು ಅಥ್ಲಾನ್ ಎಕ್ಸ್‌ಪಿ 1600+, 256 ಎಂಬಿ. ಅಥ್ಲಾನ್ ಹಾರುತ್ತಿತ್ತು. ನಾನೂ ಎಲ್ಲರಿಗೂ 'ಎಎಂಡಿ ತಗೊಳ್ಳಿ' ಅಂತ ಹೇಳಿಕೊಂಡು ತಿರುಗಿದೆ.

ಒಂದು ದಿನ ಚುನಾವಣೆ ಪೋಸ್ಟರ್ ಅರ್ಜೆಂಟ್ ಬಂತು. ಅಥ್ಲಾನ್‌ನ ಪವರ್ ಸಪ್ಲೈ ಕೈ ಕೊಟ್ಟಿತ್ತು. ಸರಿ ಅಂತ ಅದರ ರ್‍ಯಾಮ್ ಕಿತ್ತು ಪೆಂಟಿಯಂಗೆ ಹಾಕಿದೆ. ಎರಡರದ್ದೂ ಡಿಡಿಆರ್ ಆಗಿದ್ದರಿಂದ ಕೂತಿತು. ಅವತ್ತು ಪೆಂಟಿಯಂ ಕೂಡ ಹಾರಿತು! ನಾನು ಎಂಟು ತಿಂಗಳು ಹೊಗಳಿದ್ದು ಎಎಂಡಿಯನ್ನಲ್ಲ, 128 ಎಂಬಿ ರ್‍ಯಾಮನ್ನು.

ಬಳ್ಳಾರಿ_ಬಿಸಿಲು (ಬೆಳಿಗ್ಗೆ 9:22)

ಹ್ಹ ಹ್ಹ. ಡಿಟಿಪಿ ಸರ್‌ಗೆ ಒಂದು ಚಹಾ ನನ್ನ ಲೆಕ್ಕದಲ್ಲಿ.

ಸಾಕೆಟ್_462ಗೆ ಒಂದು ಪ್ರಶ್ನೆ. ಬಾರ್ಟನ್ 3000+ ಎಷ್ಟು ಮೆಗಾಹರ್ಟ್ಸ್? 2167. ಅದಕ್ಕಿಂತ ಮುಂಚಿನ ಥರೋಬ್ರೆಡ್ 2700+ ಎಷ್ಟು? ಅದೂ 2167! ಎರಡಕ್ಕೂ ಬಸ್ 333 (ನೀವು ಹೇಳಿದ 166ನ್ನೇ ದುಪ್ಪಟ್ಟು ಮಾಡಿ ಬರೆದದ್ದು). ವ್ಯತ್ಯಾಸ 256 ಕೆಬಿ ಕ್ಯಾಶ್ ಮಾತ್ರ. ಅಷ್ಟಕ್ಕೆ 300 ಅಂಕ. ಎಂಥಾ ದುಬಾರಿ ಕ್ಯಾಶ್ ರೀ ಅದು! ಆಮೇಲೆ 3200+ ಬಂತು, 2200 ಮೆಗಾಹರ್ಟ್ಸ್. ಅಷ್ಟೊತ್ತಿಗೆ ನಮ್ಮ ಕಡೆ 800 ಬಸ್ಸಿನ ಪೆಂಟಿಯಂ 4 ಬಂದಿತ್ತು, ಹೈಪರ್‌ಥ್ರೆಡಿಂಗ್ (ಒಂದೇ ಚಿಪ್ ಎರಡರ ಹಾಗೆ ಕೆಲಸ ಮಾಡುವುದು) ಇತ್ತು. 3.2 ಗಿಗಾಹರ್ಟ್ಸಿನ ಮುಂದೆ ಆ 3200+ ನಿಲ್ಲಲಿಲ್ಲ.

ಸಾಕೆಟ್_462 (ಬೆಳಿಗ್ಗೆ 10:10)

ಒಪ್ಪಿದೆ. 3200+ ಹೆಸರು ಉಬ್ಬಿಸಿದ್ದೇ. 2500+ ತನಕ ಬಾರ್ಟನ್ ಕೊಟ್ಟ ದುಡ್ಡಿಗೆ ಮೋಸ ಇರಲಿಲ್ಲ, ಮೇಲೆ ಹೋದಂತೆ ಗಾಳಿ ಜಾಸ್ತಿ ಆಯಿತು. ನಿಮಗೆ ಇನ್ನೊಂದು ಅಸ್ತ್ರ ನಾನೇ ಕೊಡುತ್ತೇನೆ ತಗೊಳ್ಳಿ. 2004ರಲ್ಲಿ ಸೆಂಪ್ರಾನ್ ಅನ್ನುವ ಎಎಂಡಿಯ ಅಗ್ಗದ ಚಿಪ್ ಬಂತು. ಸಾಕೆಟ್ ಎ (ಅಥ್ಲಾನ್ ಎಕ್ಸ್‌ಪಿ ಕೂರುವ ಅದೇ ಸಾಕೆಟ್) ಸೆಂಪ್ರಾನ್ 2800+ ಒಳಗೆ 2000 ಮೆಗಾಹರ್ಟ್ಸ್, 256 ಕೆಬಿ ಕ್ಯಾಶ್. ಅದೇ 2000 ಮೆಗಾಹರ್ಟ್ಸ್, ಅದೇ 256 ಕೆಬಿ ಇದ್ದ ಅಥ್ಲಾನ್ ಎಕ್ಸ್‌ಪಿಗೆ ಹೆಸರು 2400+. ಬಸ್ 266ರಿಂದ 333 ಆಗಿತ್ತು, ನಿಜ. ಆದರೂ 400 ಅಂಕ ಎಲ್ಲಿಂದ ಬಂತು? ಈ ಸಲ ಹೋಲಿಕೆ ಇಂಟೆಲ್‌ನ ಅಗ್ಗದ ಚಿಪ್ ಸೆಲೆರಾನ್ ಜೊತೆ. ಎದುರಾಳಿ ಬಡಕಲಾದರೆ ನಾವೇ ಪೈಲ್ವಾನ್. ಗಿರಾಕಿಗೆ ಇದನ್ನು ಹೇಗೆ ಹೇಳುವುದು? ಎರಡರ ಮೇಲೂ ಎಎಂಡಿ ಅಂತಲೇ ಬರೆದಿದೆ, 2800 ದೊಡ್ಡದು. ಅವರು ಅದನ್ನೇ ತಗೊಳ್ಳುತ್ತಿದ್ದರು.

ಆದರೆ ನಿಮ್ಮ '2.4 ಅಂದರೆ 2.4' ಮಾತಿಗೆ ಬರೋಣ. ಅಟ್ಟದ_ಪೆಟ್ಟಿಗೆಯವರ ಪಕ್ಕದ ಮನೆಯಲ್ಲಿ ಇದ್ದದ್ದು ಯಾವ 2.4? ಬಸ್ 400 ಇದ್ದ ಬರೀ 2.4 ಒಂದು. 533 ಬಸ್ಸಿನ 2.4ಬಿ ಒಂದು. 800 ಬಸ್ಸು, ಹೈಪರ್‌ಥ್ರೆಡಿಂಗ್ ಇದ್ದ 2.4ಸಿ ಇನ್ನೊಂದು. ಆಮೇಲೆ ಪ್ರೆಸ್ಕಾಟ್ 2.4ಎ. ಅದರ ಜೊತೆಗೆ 128 ಕೆಬಿ ಕ್ಯಾಶಿನ ಸೆಲೆರಾನ್ 2.4 ಬೇರೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತಾರಲ್ಲ, ಹಾಗೆ. ಐದರ ಮೇಲೂ 2.4 ಗಿಗಾಹರ್ಟ್ಸ್ ಅಂತ ಸತ್ಯವೇ ಬರೆದಿತ್ತು. ಐದೂ ಬೇರೆ ಬೇರೆ ಓಡುತ್ತಿದ್ದವು. ಈ 800 ಬಸ್ ಅನ್ನುವುದು ಕೂಡ ಅಸಲಿಗೆ 200, ಒಂದು ಕ್ಲಾಕ್‌ಗೆ ನಾಲ್ಕು ಸಲ ಕಳಿಸುತ್ತೇವೆ ಅಂತ 800. ನಮ್ಮ 333 ಕೂಡ ಅಸಲಿಗೆ 166, ಎರಡು ಸಲ.

ಅಟ್ಟದ_ಪೆಟ್ಟಿಗೆ (ಮಧ್ಯಾಹ್ನ 12:35)

ಬ್ಯಾಟರಿ ತಂದು ಹಾಕಿದೆ. ಬಯೋಸ್‌ನಲ್ಲಿ 100 ಇತ್ತು, 166 ಮಾಡಿ ಸೇವ್ ಮಾಡಿದೆ. ಮಾವ ಪಕ್ಕದಲ್ಲಿ ಕನ್ನಡಕ ಹಾಕಿಕೊಂಡು ನಿಂತಿದ್ದರು.

'ಅಥ್ಲಾನ್ ಎಕ್ಸ್‌ಪಿ 2500+'. ಹಾಗೇ ಬಂತು! ಪಕ್ಕದಲ್ಲಿ 1833 ಮೆಗಾಹರ್ಟ್ಸ್.

ಮಾವ ಬಿಲ್ಲನ್ನೊಮ್ಮೆ ಸ್ಕ್ರೀನನ್ನೊಮ್ಮೆ ನೋಡಿ, 'ನಾನು ಹೇಳಿರಲಿಲ್ವಾ' ಅಂತ ಒಳಗೆ ಹೋದರು. ಹೇಳಿದ್ದೇನು ಅಂತ ನನಗೆ ಗೊತ್ತಿಲ್ಲ. ಎಲ್ಲರಿಗೂ ಥ್ಯಾಂಕ್ಸ್.

ಒಂದು ಡೌಟು. 166 ಮಾಡಿದ ಕೂಡಲೇ ಹೆಸರು ಕೂಡ ಹೇಗೆ ಬದಲಾಯಿತು? ಚಿಪ್‌ಗೆ ತನ್ನ ಹೆಸರು ಗೊತ್ತಿರುವುದಿಲ್ಲವಾ?

ಪಾರ್ಟ್_ಟೈಮ್_ಗೇಮರ್ (ಮಧ್ಯಾಹ್ನ 12:50)

ಅದೇ ಮಜಾ ಮಗಾ. ವೇಗ ನೋಡಿ ಬಯೋಸ್ ಹೆಸರು ಕಟ್ಟುತ್ತದೆ. ಈಗ ಬಸ್ 200 ಮಾಡು. 11 ಸಲ 200 ಅಂದರೆ 2200. ಹೆಸರು '3200+' ಅಂತ ಬರುತ್ತದೆ! ಆಗ ಅರ್ಧ ಜನ ಮಾಡುತ್ತಿದ್ದದ್ದೇ ಇದು. 2500+ ದುಡ್ಡಿಗೆ 3200+. ಎರಡೂ ಒಂದೇ ಬಾರ್ಟನ್ ತಾನೇ?

ಸಾಕೆಟ್_462 (ಮಧ್ಯಾಹ್ನ 1:04)

ಬೇಡ ಬೇಡ. ಗೇಮರ್ ಹೇಳಿದ್ದು ನಿಜ, ಒಳ್ಳೆ ಬೋರ್ಡ್ ಇದ್ದರೆ ಎಷ್ಟೋ ಚಿಪ್ 2200ಕ್ಕೆ ಆರಾಮಾಗಿ ಹೋಗುತ್ತಿದ್ದವು. ಎನ್‌ಫೋರ್ಸ್2 ಬೋರ್ಡಿನಲ್ಲಿ ಪಿಸಿಐ ಬಸ್ (ಕಾರ್ಡು, ಡಿಸ್ಕ್ ಕಡೆಯ ದಾರಿ) ಬೇರೆಯಾಗಿ 33ರಲ್ಲೇ ಲಾಕ್ ಆಗಿರುತ್ತಿತ್ತು. ಇವರದ್ದು ಕೆಟಿ400. ಅದು 166 ಅನ್ನು 5ರಿಂದ ಭಾಗಿಸಿ ಪಿಸಿಐಗೆ 33 ಕೊಡುತ್ತದೆ. 200 ಮಾಡಿದರೆ ಅದೇ 5ರಿಂದ ಭಾಗಿಸಿ 40. ಪ್ರೊಸೆಸರ್ ತಡೆದುಕೊಂಡರೂ ಹಾರ್ಡ್ ಡಿಸ್ಕ್ ಕಡೆ ಡೇಟಾ ಕೆಡಬಹುದು. ಮಾವನ ಹಳೇ ಫೋಟೋ ಏನಾದರೂ ಇದ್ದರೆ ಗೋವಿಂದ. ರ್‍ಯಾಮ್ ಕೂಡ 333ರದ್ದು. ಮೊದಲು ಬೋರ್ಡ್ ಮೇಲಿನ ಕೆಪಾಸಿಟರ್ ನೋಡಿ. ಆ ಕಾಲದ ಎಷ್ಟೋ ಬೋರ್ಡುಗಳಲ್ಲಿ ಅವು ತಲೆ ಉಬ್ಬಿ ಸೋರಿವೆ.

ಕೂಲರ್ ಬಿಚ್ಚಬೇಡಿ ಅಂದೆನಲ್ಲ, ಕಾರಣ ಹೇಳುತ್ತೇನೆ. ಅಥ್ಲಾನ್ ಎಕ್ಸ್‌ಪಿ ಮೇಲೆ ಲೋಹದ ಮುಚ್ಚಳ ಇರಲಿಲ್ಲ. ಕೆಳಗೆ ದೊಡ್ಡ ಬಿಲ್ಲೆ, ಅದರ ನಡುವೆ ಉಗುರಿನಷ್ಟು ಬರೀ ಸಿಲಿಕಾನ್, ಬೋಳು ತಲೆ ಥರ. ಕೂಲರಿನ ಸ್ಪ್ರಿಂಗ್ ಕ್ಲಿಪ್ಪನ್ನು ಫ್ಲಾಟ್ ಸ್ಕ್ರೂ ಡ್ರೈವರಿನಿಂದ ಒತ್ತಿ ಸಾಕೆಟ್ಟಿನ ಹಲ್ಲಿಗೆ ಸಿಕ್ಕಿಸಬೇಕು. ಭಯಂಕರ ಬಿಗಿ. 2002ರ ಗಣೇಶನ ಹಬ್ಬದ ಹಿಂದಿನ ದಿನ, ರಶ್ಶು, ನಾನು ಅವಸರದಲ್ಲಿ ಕೂಲರನ್ನು ಒಂದು ಪಕ್ಕಕ್ಕೆ ವಾಲಿಸಿ ಒತ್ತಿದೆ. 'ಟಿಕ್' ಅಂತ ಒಂದು ಸದ್ದು. ಅಕ್ಕಿಕಾಳಿನ ಚೂರಿನಷ್ಟು ಮೂಲೆ ಹಾರಿತು, ಅಷ್ಟೇ. ಹೊಸ 1700+ ಸತ್ತೇ ಹೋಯಿತು. ಓನರ್ ಬೈಯಲಿಲ್ಲ, ಎರಡು ತಿಂಗಳ ಸಂಬಳದಲ್ಲಿ ಹಿಡಿದುಕೊಂಡರು. ಬೈದಿದ್ದರೇ ಚೆನ್ನಾಗಿತ್ತು.

ಅಟ್ಟದ_ಪೆಟ್ಟಿಗೆ (ಮಧ್ಯಾಹ್ನ 1:20)

166ರಲ್ಲೇ ಬಿಡುತ್ತೇನೆ ಸರ್. ಕೆಪಾಸಿಟರ್ ಎರಡು ಸ್ವಲ್ಪ ಉಬ್ಬಿವೆ.

ಬಳ್ಳಾರಿ_ಬಿಸಿಲು (ಸಂಜೆ 5:45)

ನಿನ್ನೆಯಿಂದ ಇಂಟೆಲ್ ಪರ ವಾದ ಮಾಡಿದ್ದಕ್ಕೆ ಒಂದು ಪ್ರಾಯಶ್ಚಿತ್ತ ಮಾಡಿಕೊಳ್ಳುತ್ತೇನೆ. 2004ರಲ್ಲಿ ನಾನು ತಗೊಂಡದ್ದು ಪ್ರೆಸ್ಕಾಟ್, 3 ಗಿಗಾಹರ್ಟ್ಸ್. ನಮ್ಮ ಬಳ್ಳಾರಿಯ ಏಪ್ರಿಲ್ ನಿಮಗೆ ಗೊತ್ತಲ್ಲ. ಮಧ್ಯಾಹ್ನ ಎರಡು ಗಂಟೆಗೆ ಫ್ಯಾನ್ ಹಿಟ್ಟಿನ ಗಿರಣಿ ಥರ ಕೂಗುತ್ತಿತ್ತು. ಸಿಸ್ಟಂ ಕೆಡುತ್ತಿರಲಿಲ್ಲ, ಬಿಸಿಯಾದರೆ ತಾನೇ ನಿಧಾನ ಆಗುತ್ತಿತ್ತು. 3 ಗಿಗಾಹರ್ಟ್ಸ್ ದುಡ್ಡು ಕೊಟ್ಟು ಮಧ್ಯಾಹ್ನದ ಹೊತ್ತು ಅದಕ್ಕಿಂತ ಕಡಿಮೆ ಓಡಿಸುತ್ತಿದ್ದೆ. ನಮ್ಮಪ್ಪ ಕ್ಯಾಬಿನೆಟ್ಟಿನ ಪಕ್ಕದ ಬಾಗಿಲು ತೆಗೆದು ಟೇಬಲ್ ಫ್ಯಾನ್ ಇಟ್ಟಿದ್ದರು.

ಇಂಟೆಲ್ ಕೂಡ ಅದೇ ವರ್ಷ ಸೋತಿತು. 4 ಗಿಗಾಹರ್ಟ್ಸ್ ಪೆಂಟಿಯಂ 4 ಬರುತ್ತದೆ ಅಂತ ಕಾಯಿಸಿ, ಅಕ್ಟೋಬರ್‌ನಲ್ಲಿ ಕೈಬಿಟ್ಟರು. 3.8ಕ್ಕೇ ನಿಂತಿತು. ಅಷ್ಟರಲ್ಲಿ ಅವರೇ ಪೆಟ್ಟಿಗೆ ಮೇಲೆ ಗಿಗಾಹರ್ಟ್ಸ್ ಹಿಂದೆ ಸರಿಸಿ 550, 560 ಅಂತ ನಂಬರ್ ಬರೆಯಲು ಶುರು ಮಾಡಿದ್ದರು. ಎಎಂಡಿಗೆ ಬೈದದ್ದು ನಾವು, ದಾರಿ ಹಿಡಿದದ್ದು ಅವರದ್ದೇ.

ಲ್ಯಾಬ್_ಮೇಡಂ (ಸಂಜೆ 6:30)

ಅವರಿಗೆ ಬೇರೆ ದಾರಿಯೂ ಇರಲಿಲ್ಲ. 2003ರಲ್ಲಿ ಅವರದ್ದೇ ಪೆಂಟಿಯಂ ಎಂ ಲ್ಯಾಪ್‌ಟಾಪಿಗೆ ಬಂದಿತ್ತು. 1.6 ಗಿಗಾಹರ್ಟ್ಸಿನಲ್ಲಿ ಅದು ತನಗಿಂತ ಎಷ್ಟೋ ಜಾಸ್ತಿ ಗಿಗಾಹರ್ಟ್ಸಿನ ಪೆಂಟಿಯಂ 4ಕ್ಕೆ ಸರಿಸಮ ನಿಲ್ಲುತ್ತಿತ್ತು. ಗಿಗಾಹರ್ಟ್ಸೇ ದೇವರು ಅಂತ ಜಾಹೀರಾತು ಕೊಟ್ಟ ಮೇಲೆ ಅದನ್ನು ಮಾರುವುದು ಹೇಗೆ? 2006ರ ಜುಲೈನಲ್ಲಿ ಕೋರ್ 2 ಡ್ಯುಯೋ ಬಂತು. ಇ6600 ಎಷ್ಟು ಗೊತ್ತಾ? 2.4 ಗಿಗಾಹರ್ಟ್ಸ್. ಮೇಲೆ ಎಣಿಸಿದ ಐದು 2.4ಗಳ ಪಕ್ಕ ಇದನ್ನೂ ಬರೆದುಕೊಳ್ಳಿ. 3.8ರ ಪೆಂಟಿಯಂ 4 ಅನ್ನು ಅದು ಎಲ್ಲೋ ಹಿಂದೆ ಬಿಟ್ಟಿತು.

ಲ್ಯಾಕ್ಟೋಮೀಟರ್ ಯಾರ ಕೈಯಲ್ಲಿ ಅನ್ನುವ ಪ್ರಶ್ನೆ ಇಂಟೆಲ್‌ಗೂ ಬಂತು. ಶುರುವಿನ ಪೆಂಟಿಯಂ 4 ಚೆನ್ನಾಗಿ ಕಾಣಲಿ ಅಂತ ಬೆಂಚ್‌ಮಾರ್ಕ್ ತಿರುಚಿದ್ದಾರೆ ಅಂತ ಅಮೆರಿಕದಲ್ಲಿ ಕೇಸು ನಡೆಯಿತು. 2014ರಲ್ಲಿ ಇಂಟೆಲ್ ತಪ್ಪು ಒಪ್ಪದೆ ರಾಜಿ ಮಾಡಿಕೊಂಡಿತು. ಅಲ್ಲಿ ಆ ಕಂಪ್ಯೂಟರ್ ಕೊಂಡವರಿಗೆ ತಲಾ 15 ಡಾಲರ್.

ಶಿವಮೊಗ್ಗ_ಡಿಟಿಪಿ (ಸಂಜೆ 6:41)

15 ಡಾಲರ್ ನನಗೂ ಬರಬೇಕಿತ್ತು. ನಂದು 1.7.

ಹೊಸ_ಲ್ಯಾಪ್‌ಟಾಪ್_ಬೇಕು (ರಾತ್ರಿ 8:10)

ಹಳೇ ಕಥೆ ಚೆನ್ನಾಗಿದೆ. ನನ್ನದು ಇವತ್ತಿನ ಪ್ರಶ್ನೆ. ತಂಗಿಗೆ ಕಾಲೇಜಿಗೆ ಲ್ಯಾಪ್‌ಟಾಪ್. ಪರಿಚಯದವರೊಬ್ಬರ ಹತ್ತಿರ ಎರಡು ಇವೆ, ಒಂದೇ ರೇಟು. ರೈಜೆನ್ 5 5625ಯು, ಇನ್ನೊಂದು ರೈಜೆನ್ 5 7520ಯು. ಎರಡೂ 4.3 ಗಿಗಾಹರ್ಟ್ಸ್ ತನಕ ಅಂತಿದೆ. 7520 ಹೊಸದು, ಅದೇ ತಾನೇ ಒಳ್ಳೆಯದು?

ಸಾಕೆಟ್_462 (ರಾತ್ರಿ 8:26)

5625ಯು ತಗೊಳ್ಳಿ. ಅದು ಜೆನ್ 3, ಆರು ಕೋರ್. ಜೆನ್ ಅಂದರೆ ಎಎಂಡಿ ಚಿಪ್ಪಿನ ಒಳವಿನ್ಯಾಸದ ತಲೆಮಾರು. 7520ಯು ಜೆನ್ 2, ನಾಲ್ಕು ಕೋರ್. ಬಂದದ್ದು ಆಮೇಲೆ, ಆದರೆ ಒಳಗಿನ ವಿನ್ಯಾಸ ಹಳೆಯದು. ಆ 7000 ಸರಣಿಯಲ್ಲಿ ಮೂರನೇ ಅಂಕಿ ನೋಡಬೇಕು. 75'2'0 ಅಂದರೆ ಜೆನ್ 2, 75'4'0 ಅಂದರೆ ಜೆನ್ 4. ರ್‍ಯಾಮ್ ಎಷ್ಟಿದೆ, ಆಮೇಲೆ ಜಾಸ್ತಿ ಮಾಡಬಹುದಾ ಅಂತಲೂ ಕೇಳಿ. 7520ಯುನಲ್ಲಿ ರ್‍ಯಾಮ್ ಬೋರ್ಡಿಗೇ ಬೆಸೆದಿರುತ್ತದೆ. ಡಿಟಿಪಿ ಸರ್ ಕಥೆ ನೆನಪಿರಲಿ.

'4.3 ತನಕ' ಅನ್ನುವುದರಲ್ಲಿ 'ತನಕ' ಮುಖ್ಯ. ಸ್ವಲ್ಪ ಹೊತ್ತು, ತಣ್ಣಗಿದ್ದಾಗ.

ಬಳ್ಳಾರಿ_ಬಿಸಿಲು (ರಾತ್ರಿ 8:33)

ನೋಡಿ, 20 ವರ್ಷ ಆದರೂ ಎಎಂಡಿ ಬುದ್ಧಿ ಬಿಟ್ಟಿಲ್ಲ! 2023ರ ಡಿಸೆಂಬರ್‌ನಲ್ಲಿ ಇಂಟೆಲ್ ಇದೇ 7520ಯು ಹೆಸರನ್ನು ಆಡಿಕೊಂಡು ಒಂದು ಸ್ಲೈಡ್ ಶೋ ಹಾಕಿತ್ತು.

ಸಾಕೆಟ್_462 (ರಾತ್ರಿ 8:37)

ಹಾಕಿ, ಆಮೇಲೆ ತೆಗೆದೂ ಬಿಟ್ಟಿತು. ಇಂಟೆಲ್‌ನದ್ದೇ ಹಳೇ 13900ಕೆಗೂ ಹೊಸ 14900ಕೆಗೂ ಒಳಗೆ ಏನು ವ್ಯತ್ಯಾಸ ಅಂತ ಜನ ಕೇಳಿದರು ಅಣ್ಣ.

ಬಳ್ಳಾರಿ_ಬಿಸಿಲು (ರಾತ್ರಿ 8:40)

ಬಿಡ್ರಿ, ಆ ವಿಷಯ ಬೇಡ.

ಪಾರ್ಟ್_ಟೈಮ್_ಗೇಮರ್ (ರಾತ್ರಿ 9:02)

ಮಗಾ ಅಟ್ಟದ_ಪೆಟ್ಟಿಗೆ, ಪಕ್ಕದ ಮನೆಯವರ 2.4 ಯಾವುದು ಅಂತ ಗೊತ್ತಾಯಿತಾ? ಎರಡನ್ನೂ ಪಕ್ಕ ಪಕ್ಕ ಇಟ್ಟು ಒಂದು ಟೆಸ್ಟ್ ಓಡಿಸಿದರೆ ಈ ಜಗಳ ಮುಗಿಯುತ್ತದೆ.

ಅಟ್ಟದ_ಪೆಟ್ಟಿಗೆ (ರಾತ್ರಿ 9:30)

ಕೇಳಿದೆ. ಅವರು ಅದನ್ನು 2010ರಲ್ಲೇ ಗುಜರಿಗೆ ಹಾಕಿದ್ದಾರೆ. ಪೆಂಟಿಯಂ ಹೌದೋ ಸೆಲೆರಾನೋ ಅನ್ನುವುದೂ ಅವರಿಗೆ ಸರಿಯಾಗಿ ನೆನಪಿಲ್ಲ. 'ಇಂಟೆಲ್ ಅಂತ ಸ್ಟಿಕ್ಕರ್ ಇತ್ತು' ಅಂದರು. ಮಾವ ಈಗಷ್ಟೇ ಅವರನ್ನು ಕಾಫಿಗೆ ಕರೆದು, ಸಿಸ್ಟಂ ಆನ್ ಮಾಡಿ, 2500+ ಬರುವ ಸ್ಕ್ರೀನ್ ತೋರಿಸಿದರು. ಪಕ್ಕದ 1833 ಇರುವ ಸಾಲಿನ ಮೇಲೆ ಕೈ ಅಡ್ಡ ಇಟ್ಟುಕೊಂಡು.

ಶಿವಮೊಗ್ಗ_ಡಿಟಿಪಿ (ರಾತ್ರಿ 9:44)

ಆ ಪೆಟ್ಟಿಗೆಯಲ್ಲಿ ಫ್ಲಾಪಿ ಡ್ರೈವ್ ಇದೆಯಾ? ಹಳೇ ಲಗ್ನಪತ್ರಿಕೆ ಫೈಲ್ ಎಲ್ಲಾ ನನ್ನ ಹತ್ತಿರ ಫ್ಲಾಪಿಯಲ್ಲೇ ಉಳಿದಿವೆ. ಮಾರುತ್ತೀರಾ?

ಅಟ್ಟದ_ಪೆಟ್ಟಿಗೆ (ರಾತ್ರಿ 9:51)

ಇದೆ ಸರ್. ಆದರೆ ಮಾವ ಕೊಡುವುದಿಲ್ಲ. ಫ್ಲಾಪಿ ತಗೊಂಡು ಹಾಸನಕ್ಕೆ ಬನ್ನಿ.